ಕಡೇ ಮಡಿಗೆ ನೀರು ಬಂತಾ?

ಅಳಿಯಾ, ಮೊನ್ನೆ ನಿನ್ನನ್ನು ನೋಡಲು ಬಂದಾಗ ನೀನು ಮೊದಲು ತೋರಿಸಿದ್ದು ಕಾಲನ್ನಲ್ಲ, ಮೊಬೈಲನ್ನು. ಆಪರೇಷನ್ ಥಿಯೇಟರಿನ ಯಂತ್ರದ ಪರದೆಯನ್ನು ಯಾರೋ ಫೋಟೋ ತೆಗೆದು ಕಳಿಸಿದ್ದರು. ನಿಮಿಷಕ್ಕೆ 140 ಮಿಲಿಲೀಟರು ಅಂತ ಇತ್ತು. "ಮಾವ, ಫ್ಲೋ ಸೂಪರ್ ಅಂತೆ, ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ" ಅಂದೆ. ಆ ಇಪ್ಪತ್ತು ವರ್ಷ ಡಾಕ್ಟರು ಹೇಳಿದ್ದೋ ನೀನು ಸೇರಿಸಿದ್ದೋ ಎಂದು ಕೇಳಲಿಲ್ಲ. ನಿನ್ನ ಅಮ್ಮ ಎದುರಿಗೇ ಕೂತಿದ್ದಳು. ಐದು ವಾರದಿಂದ ಅವಳ ಮುಖದಲ್ಲಿ ಕಾಣದ ನಗು ಅವತ್ತು ಕಂಡಿತ್ತು. ಕಾಫಿ ಕುಡಿದು ಎದ್ದು ಬಂದೆ. ಅಲ್ಲಿ ನುಂಗಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಅವಳಿಗೆ ಓದಿ ಹೇಳಬೇಡ.

ಇದೇ ಆಪರೇಷನ್ ನನಗಾಗಿ ಹನ್ನೊಂದು ವರ್ಷವಾಯಿತು. ಅತ್ತಿಬೆಲೆ ಗಡಿಯ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸಿನ ಕಿಟಕಿಯಿಂದ ಕೈ ಚಾಚಿ ದಾರಿ ಬಿಡಿಸಿಕೊಂಡು ಹೋದವನು ನೀನೇ, ಮರೆತಿರಲಾರೆ. ಅದಕ್ಕೂ ಎರಡು ವರ್ಷ ಮೊದಲೇ ಚಂದ್ರಚೂಡೇಶ್ವರನ ಬೆಟ್ಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ವಯಸ್ಸು ಅಂದುಕೊಂಡೆ. ಆಮೇಲೆ ರಾತ್ರಿ ಮಲಗಿದರೆ ಪಾದ ಉರಿ. ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ನಿದ್ದೆ. ವಾತ ಅಂದುಕೊಂಡೆ. ಕಿರುಬೆರಳು ಕಪ್ಪಾದಾಗ ಅಂದುಕೊಳ್ಳಲು ಏನೂ ಉಳಿದಿರಲಿಲ್ಲ.

ನಿನ್ನ ಕಾಲಿಗೆ ಮಾಡಿದ್ದೂ ನನ್ನದಕ್ಕೆ ಮಾಡಿದ್ದೂ ಒಂದೇ. ತೊಡೆಯಲ್ಲಿ ಮುಚ್ಚಿಹೋದ ಅಪಧಮನಿಯನ್ನು ಹಾಗೇ ಬಿಟ್ಟು, ಅದೇ ಕಾಲಿನ ಒಳಮಗ್ಗುಲಲ್ಲಿ ಚರ್ಮದ ಕೆಳಗೆ ಉದ್ದಕ್ಕೂ ಇರುವ ಅಭಿಧಮನಿಯನ್ನು ತೆಗೆದು, ತೊಡೆಸಂದಿನಿಂದ ಮಂಡಿಯ ಕೆಳಗಿನವರೆಗೆ ಹೊಸ ಕಾಲುವೆ ಕಟ್ಟುವುದು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಜ್ಯಾಂ ಕುನ್ಲಿನ್ ಎಂಬ ಸರ್ಜನ್ ಕಾಲಿಗೆ ಇದನ್ನು ಮಾಡಿ ದಾರಿ ತೋರಿಸಿದರು. ಅಭಿಧಮನಿಯೊಳಗೆ ರಕ್ತ ಹೃದಯದ ಕಡೆಗೆ ಮಾತ್ರ ಹೋಗುವಂತೆ ಕವಾಟಗಳಿರುತ್ತವೆ. ಅದಕ್ಕೆ ನಾಳವನ್ನು ತಲೆಕೆಳಗು ಮಾಡಿ ಹೊಲಿಯುತ್ತಾರೆ, ಇಲ್ಲವೇ ಇದ್ದ ಜಾಗದಲ್ಲೇ ಬಿಟ್ಟು ಕವಾಟಗಳನ್ನು ಸೀಳಿಹಾಕುತ್ತಾರೆ. ನಿನ್ನ ಕಾಲಿನ ಒಳಮಗ್ಗುಲು ಜೋಮು ಹಿಡಿದಂತಿದೆ, ಇರುವೆ ಹರಿದಂತಾಗುತ್ತದೆ ಅಂದೆಯಲ್ಲ, ಅದು ಆ ನಾಳದ ಪಕ್ಕದಲ್ಲೇ ಹೋಗುವ ನರಕ್ಕೆ ತಗುಲಿದ ಏಟು. ನನಗೆ ಅಂಗೈಯಗಲದ ಜಾಗದಲ್ಲಿ ಈಗಲೂ ಸ್ಪರ್ಶವಿಲ್ಲ. ಅದರ ಬಗ್ಗೆ ಯೋಚಿಸಬೇಡ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುವುದೂ ಕೆಲವು ತಿಂಗಳು ಇರುತ್ತದೆ.

ಈಗ ನಿನ್ನ 140ರ ವಿಷಯಕ್ಕೆ ಬರುತ್ತೇನೆ. ಹೊಲಿಗೆ ಮುಗಿದ ಮೇಲೆ ನಾಳಕ್ಕೆ ಕೊಕ್ಕೆಯಂಥ ಸಣ್ಣ ಸಲಕರಣೆ ತೊಡಿಸುತ್ತಾರೆ. ಅದು ಕಿವಿಗೆ ಕೇಳದ ಶಬ್ದವನ್ನು ಹರಿವಿನ ಜೊತೆಗೊಮ್ಮೆ, ಹರಿವಿಗೆದುರಾಗಿ ಒಮ್ಮೆ ಕಳಿಸುತ್ತದೆ. ಹೊಳೆಯಲ್ಲಿ ನೀರಿನ ಜೊತೆ ಈಜುವವನು ಬೇಗ ಮುಟ್ಟುತ್ತಾನೆ, ಎದುರು ಈಜುವವನು ತಡವಾಗಿ. ಆ ಎರಡು ಹೊತ್ತಿನ ಅಂತರದಿಂದ ನಿಮಿಷಕ್ಕೆ ಎಷ್ಟು ರಕ್ತ ಎಂಬ ಲೆಕ್ಕ ಹುಟ್ಟುತ್ತದೆ. ಹೊಲಿಗೆ ಬಿಗಿಯಾಗಿದ್ದರೆ, ನಾಳ ತಿರುಚಿಕೊಂಡಿದ್ದರೆ, ಒಂದು ಕವಾಟ ಸೀಳದೆ ಉಳಿದಿದ್ದರೆ ಹರಿವು ಕಡಿಮೆ ತೋರಿಸಿ ಅಲ್ಲೇ ಸುಳಿವು ಕೊಡುತ್ತದೆ. ಹೊಟ್ಟೆಯ ಮೇಲಿನ ಹಸಿರು ಬಟ್ಟೆ ತೆಗೆಯುವ ಮುಂಚೆಯೇ ಬಿಚ್ಚಿ ಸರಿಮಾಡಬಹುದು. ಮೊದಲ ತಿಂಗಳಲ್ಲಿ ನಾಳ ಕಟ್ಟಿಕೊಳ್ಳುವುದು ಬಹುಪಾಲು ಇಂಥ ಕೈಕೆಲಸದ ದೋಷಕ್ಕೇ. ಹಾಗಾಗಿ ಅಳತೆ ಮಾಡಿದ ಸರ್ಜನ್ನಿಗೆ ಒಂದು ನಮಸ್ಕಾರ ಹಾಕು.

ಆದರೆ ಅದು ಯಾವ ಹೊತ್ತಿನ ಅಂಕಿ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಆ ಮದ್ದಿಗೆ ಕಾಲಿನ ಸಣ್ಣಪುಟ್ಟ ನಾಳಗಳೆಲ್ಲ ಸಡಿಲಗೊಂಡು ರಕ್ತಕ್ಕೆ ದಾರಿ ಬಿಟ್ಟಿರುತ್ತವೆ. ಬಿ.ಪಿ. ಏರಿದರೆ ಅಂಕಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೊಸ ಕಾಲುವೆ ಹೋಗಿ ಸೇರುವ ಕಡೆ, ಪಾದದಲ್ಲಿ, ಎಷ್ಟು ನಾಳ ತೆರೆದಿವೆ ಎಂಬುದರ ಮೇಲೆ ಅದು ನಿಂತಿದೆ. ಕೃಷ್ಣಗಿರಿ ಡ್ಯಾಮಿನ ತೂಬಿನ ಹತ್ತಿರ ನಿಂತವನ ಕಣ್ಣಿಗೆ ಕಾಲುವೆ ಯಾವಾಗಲೂ ತುಂಬಿಯೇ ಇರುತ್ತದೆ. ಕಾವೇರಿಪಟ್ಟಣದ ಕಡೆ ನಿನ್ನ ಹೆಂಡತಿಯ ತವರಿನವರನ್ನು ಕೇಳು. ಅವರು ತೂಬಿನ ಮಾತೇ ಆಡುವುದಿಲ್ಲ, ಕಡೇ ಮಡಿಗೆ ನೀರು ಬಂತಾ ಅನ್ನುತ್ತಾರೆ.

ನಮ್ಮ ಗುಲಾಬಿಗೆ ಡ್ರಿಪ್ ಹಾಕಿಸಿದ ವರ್ಷ ನೆನಪಿದೆಯಾ? ಫಿಟ್ಟರು ಮೋಟಾರು ಹಾಕಿ, ಮೀಟರು ತೋರಿಸಿ, ಉಳಿದ ದುಡ್ಡು ಈಸಿಕೊಂಡು ಹೋದ. ಮೀಟರು ಸರಿಯಾಗೇ ಇತ್ತು. ಎಂಟನೇ ತಿಂಗಳಲ್ಲಿ ಬೇಲಿ ಪಕ್ಕದ ಕಡೇ ಎರಡು ಸಾಲು ಬಾಡಿದಾಗ ಪೈಪು ಕುಯ್ದು ನೋಡಿದರೆ ಒಳಗೆ ಸುಣ್ಣ. ನಮ್ಮ ಬೋರಿನ ನೀರೇ ಅಂಥದ್ದು. ಫಿಟ್ಟರನ್ನು ಬೈದು ಏನು ಬಂತು, ಎಂಟು ತಿಂಗಳು ಆ ಸಾಲಿನವರೆಗೆ ನಡೆದುಹೋಗಿ ನೋಡದೆ ಇದ್ದವನು ನಾನು.

ಕಾಲಿನದೂ ಹೀಗೇ, ಮತ್ತು ಹೆಚ್ಚಾಗಿ ಇದೇ ಹೊತ್ತಿನಲ್ಲಿ. ಮೂರನೇ ತಿಂಗಳಿನಿಂದ ಎರಡು ವರ್ಷದೊಳಗೆ ಅನ್ನು. ಅಭಿಧಮನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಮೆಲ್ಲಗೆ ಹರಿಯುವ ರಕ್ತ. ಅದನ್ನು ತಂದು ಒಂದೇ ದಿನದಲ್ಲಿ ಅಪಧಮನಿಯ ಒತ್ತಡಕ್ಕೆ ಒಡ್ಡಿದರೆ ಅದು ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಸ್ವಲ್ಪ ದಪ್ಪವಾಗಬೇಕಾದ್ದೇ. ಕೆಲವು ಕಡೆ, ಹೊಲಿಗೆಯ ಹತ್ತಿರವೋ ಹಳೇ ಕವಾಟವಿದ್ದ ಜಾಗದಲ್ಲೋ, ಮಿತಿಮೀರಿ ಬೆಳೆದು ಒಳದಾರಿ ಕಿರಿದಾಗುತ್ತದೆ. ನೋವಿಲ್ಲ, ಊತವಿಲ್ಲ, ನಡಿಗೆಯಲ್ಲಿ ವ್ಯತ್ಯಾಸವೂ ತಿಳಿಯದು. ರಕ್ತ ಹರಿಯುತ್ತಿರುವಾಗಲೇ ಅದನ್ನು ಹಿಡಿದರೆ ಬಲೂನು ಹಾಕಿಯೋ ಸಣ್ಣ ತೇಪೆ ಹಾಕಿಯೋ ಬಿಡಿಸಬಹುದು. ಪೂರ್ತಿ ಹೆಪ್ಪುಗಟ್ಟಿದ ಮೇಲೆ ಆ ನಾಳವನ್ನು ಉಳಿಸುವುದು ಕಷ್ಟ, ಉಳಿಸಿದರೂ ಬಹಳ ದಿನ ಬಾಳುವುದಿಲ್ಲ. ಎರಡು ವರ್ಷ ದಾಟಿದ ಮೇಲೆ ಬರುವುದು ಹಳೇ ಕಾಯಿಲೆಯೇ, ಮೇಲಿನ ನಾಳಕ್ಕೋ ಕೆಳಗಿನದಕ್ಕೋ ಕೊಬ್ಬು ಕಟ್ಟುವುದು, ಅದು ನಿಧಾನದ್ದು.

ಎಷ್ಟು ವರ್ಷ ಬರುತ್ತದೆ ಎಂದು ನೀನು ಕೇಳಿಯೇ ಕೇಳುತ್ತೀಯ. ಸ್ವಂತ ನಾಳ ಹಾಕಿದ ಹತ್ತರಲ್ಲಿ ಸುಮಾರು ಏಳು ಐದು ವರ್ಷಕ್ಕೂ ತೆರೆದಿರುತ್ತವೆ. ನಾಳ ಚೆನ್ನಾಗಿಲ್ಲದೆ ಪ್ಲಾಸ್ಟಿಕ್ಕಿನದು ಹಾಕಿದರೆ ಲೆಕ್ಕ ಐದರ ಆಸುಪಾಸಿಗೆ ಇಳಿಯುತ್ತದೆ, ಮಂಡಿಯ ಕೆಳಗೆ ಹೋದಷ್ಟೂ ಇನ್ನೂ ಕಡಿಮೆ. ನಿನ್ನದು ಸ್ವಂತ ನಾಳ. ಏಳರಲ್ಲಿ ಸೇರುತ್ತೀಯೋ ಮೂರರಲ್ಲೋ ಎಂಬುದನ್ನು ಆ ಫೋಟೋ ಹೇಳಲಾರದು.

ನನ್ನ ತಪ್ಪು ಹೇಳುತ್ತೇನೆ, ಕೇಳು. ಒಂಬತ್ತು ತಿಂಗಳವರೆಗೆ ಕರೆದಾಗಲೆಲ್ಲ ಹೋದೆ. ಒಂದು ವರ್ಷದ ತಪಾಸಣೆ ಬಂದದ್ದು ಸರಿಯಾಗಿ ಮಾವಿನ ಕಾಲಕ್ಕೆ. ಶೂಳಗಿರಿ ಕಡೆಯ ಎರಡೆಕರೆಯ ತೋತಾಪುರಿ ಇಳಿಸಬೇಕು, ತಿರುಳಿನ ಫ್ಯಾಕ್ಟರಿಯ ಮುಂದೆ ಲಾರಿ ಸಾಲಿನಲ್ಲಿ ರಾತ್ರಿ ಕಾಯಬೇಕು. ಕಾಲು ಚೆನ್ನಾಗಿತ್ತು, ಬೆಟ್ಟ ಹತ್ತುತ್ತಿದ್ದೆ. ಇನ್ನೊಂದು ತಿಂಗಳು ಹೋಗಲಿ ಅಂದೆ. ಅದು ಎರಡಾಯಿತು. ಆಸ್ಪತ್ರೆಯಿಂದ ಹೊರಡುವ ದಿನ ಒಬ್ಬ ನರ್ಸಮ್ಮ ನನ್ನ ಬೆರಳನ್ನು ಹಿಡಿದು ನನ್ನದೇ ಪಾದದ ಮೇಲಿಟ್ಟು, "ತಾತಾ, ಹಲ್ಲುಜ್ಜಿದ ಹಾಗೆ ದಿನಾ ಇಲ್ಲಿ ಮುಟ್ಟಿ ನೋಡ್ಕೊಳ್ಳಿ" ಅಂದಿದ್ದಳು. ಅವತ್ತಿಗೆ ನನಗಿನ್ನೂ ಅರವತ್ತು, ತಾತಾ ಅಂದದ್ದಕ್ಕೆ ಸಿಟ್ಟು ಬಂದಿತ್ತು. ಆದರೂ ಅಭ್ಯಾಸವಾಗಿತ್ತು. ಆಷಾಢದ ಒಂದು ಬೆಳಗ್ಗೆ ಜಗಲಿಯಲ್ಲಿ ಕೂತು ಮುಟ್ಟಿದೆ, ನಾಡಿ ಸಿಗಲಿಲ್ಲ. ಜಾಗ ತಪ್ಪಿರಬೇಕು ಎಂದು ಇನ್ನೊಂದು ಸಲ ಹುಡುಕಿದೆ. ಇನ್ನೊಂದು ಕಾಲು ಮುಟ್ಟಿದೆ, ಅಲ್ಲಿ ಬಡಿಯುತ್ತಿತ್ತು. ನಿನ್ನ ಅತ್ತೆಯನ್ನು ಕರೆದು ಅವಳ ಬೆರಳಿಡಿಸಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವತ್ತೇ ಹತ್ತು ಗಂಟೆಗೆ ಬೆಂಗಳೂರಿನಲ್ಲಿದ್ದೆ. ಮಂಡಿಯ ಹಿಂದೆ ನಾಳ ನೂಲಿನಷ್ಟಾಗಿತ್ತು, ಹರಿವು ಇನ್ನೂ ನಿಂತಿರಲಿಲ್ಲ. ಇನ್ನೊಂದು ತೊಡೆಯ ಮೂಲಕ ತಂತಿ ತೂರಿಸಿ ಬಲೂನು ಹಾಕಿದರು, ಮೂರನೇ ದಿನ ಮನೆಯಲ್ಲಿದ್ದೆ. ಪಕ್ಕದ ಮಂಚದಲ್ಲಿ ದೇಂಕಣಿಕೋಟೆ ಕಡೆಯವರೊಬ್ಬರಿದ್ದರು, ನನಗಿಂತ ಹತ್ತು ವರ್ಷ ಚಿಕ್ಕವರು. ಪಾದ ತಣ್ಣಗಾಗಿ ಮೂರು ವಾರವಾದ ಮೇಲೆ ಬಂದಿದ್ದರು. ಮಂಡಿಯ ಕೆಳಗೆ ಕಾಲು ತೆಗೆದರು.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡು. ಕಾಲು ಚಾಚಿ ಕೂತು ಹೆಬ್ಬೆರಳನ್ನು ಮೇಲಕ್ಕೆ ಸೆಟೆಸು. ಪಾದದ ಮೇಲೆ ಒಂದು ಹುರಿ ಎದ್ದು ಕಾಣುತ್ತದೆ. ಅದರ ಹೊರಮಗ್ಗುಲಿಗೆ, ಪಾದದ ನಡುಮಧ್ಯದಲ್ಲಿ ಎರಡು ಬೆರಳನ್ನು ಹೂವಿನ ಮೇಲಿಟ್ಟ ಹಾಗೆ ಇಡು. ಒತ್ತಿದರೆ ನಾಡಿಯೇ ಅಡಗುತ್ತದೆ, ಇಲ್ಲವೇ ನಿನ್ನ ಬೆರಳ ತುದಿಯ ಬಡಿತವನ್ನೇ ಕಾಲಿನದೆಂದು ತಿಳಿಯುತ್ತೀಯ. ಹೆಬ್ಬೆರಳಿಂದ ನೋಡಬೇಡ. ಇನ್ನೊಂದು ಜಾಗ ಕಣಕಾಲಿನ ಒಳಗಡೆಯ ಮೂಳೆಯ ಹಿಂದಿನ ತಗ್ಗು. ಸಿಕ್ಕ ಕಡೆ ಬಾಲ್‌ಪೆನ್ನಿನಿಂದ ಗುರುತು ಹಾಕು. ಕೆಲವರಿಗೆ ಒಂದು ಜಾಗದಲ್ಲಿ ಹುಟ್ಟಿನಿಂದಲೇ ಸಿಗುವುದಿಲ್ಲ. ಹಾಗಾಗಿ ಮುಂದಿನ ಭೇಟಿಯಲ್ಲಿ ಡಾಕ್ಟರ ಕೈಯಲ್ಲೇ ಗುರುತು ಹಾಕಿಸಿಕೋ. ನಿನ್ನೆ ಇದ್ದ ನಾಡಿ ಇವತ್ತಿಲ್ಲ, ಪಾದ ತಣ್ಣಗಿದೆ, ಬೆಳ್ಳಗಾಗಿದೆ ಅಂದರೆ ಶಿಫ್ಟ್ ಮುಗಿಯಲಿ, ಅಮಾವಾಸ್ಯೆ ಕಳೆಯಲಿ ಅನ್ನಬೇಡ. ಗಂಟೆಗಳ ಲೆಕ್ಕ ಅದು.

ಇನ್ನು ಆಸ್ಪತ್ರೆಯ ಅಳತೆ. ಮೊದಲು ಪೆನ್ನಿನಂಥ ಡಾಪ್ಲರು. ತಣ್ಣನೆ ಜೆಲ್ ಹಚ್ಚಿ ಇಡುತ್ತಾರೆ, ಪೆಟ್ಟಿಗೆಯೊಳಗಿನಿಂದ ಸದ್ದು ಬರುತ್ತದೆ. ಹತ್ತಿರ ಬರುವ ರೈಲಿನ ಕೂಗು ಒಂದು ಥರ, ದೂರ ಹೋಗುವಾಗ ಇನ್ನೊಂದು ಥರ ಕೇಳುವುದಕ್ಕೆ ಕಾರಣವನ್ನು 1842ರಲ್ಲಿ ಹೇಳಿದ ಕ್ರಿಶ್ಚಿಯನ್ ಡಾಪ್ಲರನ ಹೆಸರು ಅದಕ್ಕೆ. ಕಿವಿಗೊಟ್ಟು ಕೇಳಿಸಿಕೋ. ಚೆನ್ನಾಗಿರುವ ನಾಳ ಒಂದೊಂದು ಬಡಿತಕ್ಕೆ ಎರಡು ಮೂರು ಸದ್ದು ಮಾಡುತ್ತದೆ, ಚಾಟಿ ಬೀಸಿ ಹಿಂದಕ್ಕೆಳೆದ ಹಾಗೆ. ದಾರಿ ಕಟ್ಟಿದ ನಾಳ ಗಾಳಿ ಬೀಸಿದಂತೆ ಒಂದೇ ಸಮ 'ಹೂ' ಅನ್ನುತ್ತದೆ. ನಾನೀಗ ಟೆಕ್ನಿಷಿಯನ್ ಹೇಳುವ ಮುಂಚೆ ಹೇಳಬಲ್ಲೆ. ಆ ಹುಡುಗಿಗೆ ಅದು ಅಷ್ಟಾಗಿ ಇಷ್ಟವಿಲ್ಲ.

ಅದೇ ಡಾಪ್ಲರಿನಿಂದ ಕಣಕಾಲಿನ ಬಿ.ಪಿ. ನೋಡಿ, ತೋಳಿನ ಬಿ.ಪಿ.ಯಿಂದ ಭಾಗಿಸುತ್ತಾರೆ. ಎಬಿಐ ಅಂತ ಬರೆಯುವುದು ಇದನ್ನೇ. ಒಂದರ ಆಸುಪಾಸು ಇರಬೇಕು, 0.9ಕ್ಕಿಂತ ಕೆಳಗಿದ್ದರೆ ಎಲ್ಲೋ ಅಡ್ಡಿಯಿದೆ. ಆಪರೇಷನ್ನಿಗೆ ಮುಂಚೆ ನನ್ನ ತೋಳಿನಲ್ಲಿ 140, ಕಣಕಾಲಿನಲ್ಲಿ 56, ಭಾಗಿಸಿದರೆ 0.4. ಆದಮೇಲೆ 0.95. ಆ ಆಷಾಢದಲ್ಲಿ 0.7. ಒಂದು ಸಲದ ಅಂಕಿಗಿಂತ ಹೋದ ಸಲಕ್ಕೂ ಈ ಸಲಕ್ಕೂ ಇರುವ ಅಂತರ ನೋಡು. 0.15ಕ್ಕಿಂತ ಹೆಚ್ಚು ಇಳಿದಿದ್ದರೆ ಸ್ಕ್ಯಾನ್ ಮಾಡಿಸದೆ ಎದ್ದು ಬರಬೇಡ.

ನಿನಗೆ ಸಕ್ಕರೆ ಕಾಯಿಲೆ ಇರುವುದರಿಂದ ಇಲ್ಲೊಂದು ಮೋಸವಿದೆ. ಸಕ್ಕರೆಯವರ ನಾಳದ ಗೋಡೆಗೆ ನಮ್ಮ ಬೋರ್ ಪೈಪಿನ ಹಾಗೆ ಸುಣ್ಣ ಕಟ್ಟುತ್ತದೆ. ಬಿ.ಪಿ. ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕುವುದಿಲ್ಲ, ಅಂಕಿ 1.4ರ ಮೇಲೆ ಹೋಗುತ್ತದೆ. ಅದನ್ನು ನೋಡಿ ಹಿಗ್ಗುವವರಿದ್ದಾರೆ. ಹಾಗೆ ಬಂದರೆ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಕಟ್ಟಿ ಅಲ್ಲಿಯ ಒತ್ತಡ ನೋಡಿ ಎಂದು ಕೇಳು. ಬೆರಳಿನ ನಾಳಕ್ಕೆ ಸುಣ್ಣ ಅಷ್ಟಾಗಿ ಹತ್ತುವುದಿಲ್ಲ.

ಮೂರನೆಯದು ಡ್ಯೂಪ್ಲೆಕ್ಸ್ ಸ್ಕ್ಯಾನ್. ನಾಳದ ಉದ್ದಕ್ಕೂ ರಕ್ತ ಎಲ್ಲೆಲ್ಲಿ ಎಷ್ಟು ವೇಗವಾಗಿದೆ ಎಂದು ನೋಡುವುದು. ಕೊಳವೆಯ ಬಾಯನ್ನು ಬೆರಳಿಂದ ಅರ್ಧ ಮುಚ್ಚಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಹಾಗೆ ಇಕ್ಕಟ್ಟಾದ ಜಾಗದಲ್ಲಿ ವೇಗ ಏರುತ್ತದೆ. ಸೆಕೆಂಡಿಗೆ 300 ಸೆಂಟಿಮೀಟರು ದಾಟಿದರೆ, ಪಕ್ಕದ ಜಾಗದ ವೇಗಕ್ಕಿಂತ ಮೂರೂವರೆ ಪಟ್ಟಾದರೆ ಸರ್ಜನ್ನರು ಸುಮ್ಮನೆ ಕೂರುವುದಿಲ್ಲ. ಇಡೀ ನಾಳದಲ್ಲೇ ವೇಗ ಕುಗ್ಗಿ 40ರ ಕೆಳಗೆ ಬಂದರೂ ಅಪಾಯದ ಲಕ್ಷಣವೇ.

ಪದೇಪದೇ ಸ್ಕ್ಯಾನ್ ಮಾಡಿಸುವುದು ಆಸ್ಪತ್ರೆಯವರ ವ್ಯಾಪಾರ ಎಂದು ನಿನ್ನ ದೊಡ್ಡಪ್ಪ ಅಂದರಂತೆ. ಅವರ ಮಾತನ್ನು ಪೂರಾ ತಳ್ಳಿಹಾಕಲಾರೆ. ಬ್ರಿಟನ್ನಿನಲ್ಲಿ 594 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸಿ, ಇನ್ನೊಂದನ್ನು ಬರೇ ವಿಚಾರಿಸಿ ಪರೀಕ್ಷೆ ಮಾಡಿ ನೋಡಿದರು. 2005ರಲ್ಲಿ ಬಂದ ಫಲಿತಾಂಶದಲ್ಲಿ, ಒಂದೂವರೆ ವರ್ಷಕ್ಕೆ ಕಾಲು ಕಳೆದುಕೊಂಡವರ ಪ್ರಮಾಣ ಎರಡರಲ್ಲೂ ಒಂದೇ ಇತ್ತು. ಆದರೆ ದೊಡ್ಡಪ್ಪನವರು ಗಮನಿಸಬೇಕಾದ್ದು, ಎರಡನೇ ಗುಂಪಿನವರೂ ಕರೆದ ದಿನ ಬಂದು ಕಾಲು ತೋರಿಸಿದವರೇ, ಮನೆಯಲ್ಲಿ ಕೂತವರಲ್ಲ. ದುಡ್ಡಿಗೆ ಕಷ್ಟವಾದರೆ ಸ್ಕ್ಯಾನ್ ಒಂದು ಸಲ ಬಿಡು. ನಾಡಿ ಮತ್ತು ಎಬಿಐ ಬಿಡಬೇಡ. ನನ್ನ ಕೇಳಿದರೆ ಮೊದಲ ಎರಡು ವರ್ಷ ಸ್ಕ್ಯಾನನ್ನೂ ಬಿಡಬಾರದು, ಬಲೂನಿನಿಂದ ಉಳಿದ ಕಾಲಿನವನು ಹೇಳುತ್ತಿದ್ದಾನೆ ಎಂದು ತಿಳಿ. ಆರನೇ ವಾರಕ್ಕೊಮ್ಮೆ, ಮೂರು, ಆರು, ಒಂಬತ್ತು, ಹನ್ನೆರಡನೇ ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ನನ್ನನ್ನು ಕರೆಯುತ್ತಿದ್ದರು. ಈಗ ವರ್ಷಕ್ಕೊಮ್ಮೆ.

ಬಲೂನೇ ಸಾಕಿತ್ತು, ಯಾಕೆ ಕುಯ್ಯಿಸಿಕೊಂಡೆ ಎಂದು ಕೇಳುವವರಿಗೂ ಒಂದು ಮಾತು. 2022ರಲ್ಲಿ ಪ್ರಕಟವಾದ 1,830 ರೋಗಿಗಳ ಅಧ್ಯಯನ, ಒಳ್ಳೇ ಸ್ವಂತ ನಾಳ ಇದ್ದವರಿಗೆ ಆಪರೇಷನ್ನೇ ಮೇಲು ಎಂದಿತು. ಮರುವರ್ಷ ಬ್ರಿಟನ್ನಿನ ಇನ್ನೊಂದು, ಮಂಡಿಯ ಕೆಳಗಿನ ನಾಳಗಳ ಕಾಯಿಲೆಗೆ ಬಲೂನು ಮೇಲು ಎಂದಿತು. ತಿಳಿದವರೇ ಇನ್ನೂ ಜಗಳವಾಡುತ್ತಿರುವ ವಿಷಯವನ್ನು ಮದುವೆ ಪಂಕ್ತಿಯಲ್ಲಿ ತೀರ್ಮಾನಿಸುವವರಿಗೆ ಇನ್ನೊಂದು ಹೋಳಿಗೆ ಬಡಿಸು. ನಿನ್ನದು ಆಗಿಹೋಯಿತು, ಚೆನ್ನಾಗಿ ಆಗಿದೆ.

ಸಿಗರೇಟಿನ ಮಾತು ಎತ್ತಿದರೆ ನಿನಗೆ ಸಿಟ್ಟು. ಆಪರೇಷನ್ ಆದಮೇಲೂ ಸೇದುವವರ ನಾಳ ಕಟ್ಟಿಕೊಳ್ಳುವ ಸಂಭವ ಸುಮಾರು ಮೂರು ಪಟ್ಟು. ಮೂವತ್ತು ವರ್ಷ ಬೀಡಿ ಸೇದಿದವನು ನಾನು. ಬಿಟ್ಟದ್ದು ಛಲದಿಂದಲ್ಲ, ಆ ದೇಂಕಣಿಕೋಟೆಯವರ ಮಂಚದ ಮೇಲೆ ಹೊದಿಕೆ ಒಂದು ಕಡೆ ಚಪ್ಪಟೆಯಾಗಿದ್ದದ್ದನ್ನು ಕಂಡ ಹೆದರಿಕೆಗೆ. ಸಿಪ್ಕಾಟ್ ಗೇಟಿನ ಟೀ ಅಂಗಡಿಯವನಿಗೆ ಫೋನು ಮಾಡಿ ಹೇಳಿದ್ದೇನೆ, ನೀನು ಕೇಳಿದರೂ ಅವನು ಕೊಡುವುದಿಲ್ಲ. ಬೈದುಕೋ.

ಮಾತ್ರೆಗಳಲ್ಲಿ ಎರಡನ್ನು ನೀನಾಗಿ ನಿಲ್ಲಿಸಬೇಡ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವುದು ಮತ್ತು ಕೊಬ್ಬಿನದು. ಕೊಲೆಸ್ಟರಾಲ್ ನಾರ್ಮಲ್ ಬಂದಿದೆ ಎಂದು ಎರಡನೆಯದನ್ನು ಬಿಟ್ಟವರನ್ನು ನೋಡಿದ್ದೇನೆ. ಅದು ನಾಳದ ಗೋಡೆಗಾಗಿ, ಹೃದಯಕ್ಕಾಗಿ. ಕಾಲಿನ ನಾಳ ಕಟ್ಟಿದವನ ಹೃದಯದ ನಾಳ ಶುದ್ಧವಾಗಿರುತ್ತದೆ ಎಂದು ನಂಬುವಂತಿಲ್ಲ. ಕಾಲು ಉಳಿದವರು ಆಮೇಲೆ ಹೃದಯದಿಂದ ಹೋಗುವುದು ಸಾಮಾನ್ಯ. ಬಿ.ಪಿ., ಸಕ್ಕರೆ ಮಾತ್ರೆ ಮುಗಿದಿತ್ತು, ಸರ್ಕಾರಿ ಆಸ್ಪತ್ರೆಗೆ ಹೋಗಲು ರಜೆ ಸಿಗಲಿಲ್ಲ ಎಂಬ ನೆಪವೂ ಈಗ ನಡೆಯುವುದಿಲ್ಲ. ಮನೆ ಬಾಗಿಲಿಗೇ ಮಾತ್ರೆ ತಂದುಕೊಡುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ಸ್ಟಾಲಿನ್ ಅವರು 2021ರ ಆಗಸ್ಟ್ 5ರಂದು ಶುರುಮಾಡಿದ್ದೇ ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಮಾತ್ರೆ ತರುವ ಹೆಣ್ಣುಮಗಳು ಬಂದಾಗ ಮನೆಯಲ್ಲಿ ಇರು. ಅವಳು ನೋಡುವುದು ಬಿ.ಪಿ., ಸಕ್ಕರೆ, ಕಾಲಿನ ನಾಡಿ ನೋಡುವುದು ನಿನ್ನ ಕೆಲಸ.

ಒಂದು ಕಾಗದದ ವಿಷಯ. ನನಗೆ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ ನಾಳ ಎಲ್ಲಿಂದ ತೆಗೆದರು, ಎಲ್ಲಿಂದ ಎಲ್ಲಿಗೆ ಹೊಲಿದರು, ತಿರುಗಿಸಿದ್ದೋ ಇಲ್ಲವೋ ಏನೂ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಇನ್ನೊಂದು ಕಡೆ ಹೋದಾಗ ಆ ಡಾಕ್ಟರು ಗಾಯದ ಗುರುತಿನ ಮೇಲೆ ಬೆರಳಾಡಿಸಿ ಊಹೆ ಮಾಡಬೇಕಾಯಿತು. ನೀನು ಈಗಲೇ ಬರೆಸಿಕೋ. ಆ 140ನ್ನೂ, ಅವತ್ತಿನ ಬಿ.ಪಿ. ಎಷ್ಟಿತ್ತು ಎಂಬುದನ್ನೂ ಬರೆಸು. ಮುಂದೆ ಏನಾದರೂ ಏರುಪೇರಾದರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ನಿನ್ನ ಆರು ವಾರದ ತಪಾಸಣೆ ಬರುವ ಸೋಮವಾರ. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಆರೂವರೆಗೆ ಸಿಗು, ನಾನೂ ಬರುತ್ತೇನೆ. ಶೂ ಬೇಡ, ಹೆಬ್ಬೆರಳು ಉಜ್ಜುತ್ತದೆ. ನಿನ್ನ ಅತ್ತೆ ಅಗಲವಾದ ಮೆತ್ತನೆ ಚಪ್ಪಲಿ ತೆಗೆದಿಟ್ಟಿದ್ದಾಳೆ, ತರುತ್ತೇನೆ. ನೀನು ಅವತ್ತಿನವರೆಗಿನ ನಾಡಿಯ ಲೆಕ್ಕ ಬರೆದಿಟ್ಟ ನೋಟ್‌ಬುಕ್ಕು ತಾ. ಆ ಫೋಟೋನೂ ಇರಲಿ, ಡಾಕ್ಟರಿಗೆ ತೋರಿಸೋಣ.